ಕತ್ತರಿಸಿ ಎಸೆದ ಕಪ್ಪು ದಾರ

ನಮ್ಮ ಮನೆಯಲ್ಲಿ ಕಪ್ಪು ದಾರ ಸಿಗುವುದಿಲ್ಲ. ಬಿಳಿ ದಾರದ ಉಂಡೆಗಳು ಐದಾರು, ಹೊಲಿಗೆ ಡಬ್ಬಿಯಲ್ಲಿ ಸಾಲಾಗಿ ನಿಂತಿವೆ. ಮೊನ್ನೆ ನನ್ನ ಕರಿ ಕೋಟಿನ ಗುಂಡಿ ಕಿತ್ತು ಬಂದಾಗ ಹೆಂಡತಿ ಜಯಮ್ಮ ಆ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದಳು.

“ಕರೀ ಕೋಟಿಗೆ ಬಿಳೀ ದಾರದಲ್ಲಿ ಗುಂಡಿ ಹಾಕ್ಲಾ? ಮದುವೆ ಮನೇಲಿ ಗಂಡು ಹೆಣ್ಣು ಬಿಟ್ಟು ನಿಮ್ಮನ್ನೇ ನೋಡ್ಲಿ ಅಂತಲಾ?”

“ಬೇರೆ ಬಣ್ಣದ್ದು ಇಲ್ಲವೇ?”

“ಎಲ್ಲಾ ಒಂದೇ ಬಣ್ಣದ್ದಿರಲಿ, ನೋಡೋಕೆ ಶಿಸ್ತಾಗಿರುತ್ತೆ ಅಂದೋರು ಯಾರು? ಪಕ್ಕದ ಮನೆಯೋರಾ?”

ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಅಂಗಡಿಯವನು ಕಪ್ಪು ದಾರದ ಉಂಡೆಯನ್ನು ಕೈಗೆ ಕೊಟ್ಟ. ಅದರ ತುದಿ ಸ್ವಲ್ಪ ಬಿಚ್ಚಿಕೊಂಡು ಬೆರಳಿಗೆ ಸುತ್ತಿತು. ಅಷ್ಟಕ್ಕೇ ಒಂದು ಪುಟ್ಟ ಇಲಿಯ ಹಿಂಗಾಲು ನನ್ನ ಕಣ್ಣ ಮುಂದೆ ಬಂದು ನಿಂತಿತು. ಕೋಟಿನ ಗುಂಡಿಗೂ ಇಲಿಯ ಕಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಜೀವಮಾನವಿಡೀ ಒಂದಾದ ಮೇಲೊಂದು ಪಾಠವನ್ನು ಕ್ರಮವಾಗಿ ಹೇಳಿಕೊಟ್ಟವನು ನಾನು. ಈ ಒಂದು ವಿಷಯ ಮಾತ್ರ ಕ್ರಮಕ್ಕೆ ಬರುವುದಿಲ್ಲ. ಬಂದಹಾಗೆ ಹೇಳುತ್ತೇನೆ, ಕೇಳಿ.

ಶಿಸ್ತು ನನಗೆ ತಂದೆಯಿಂದ ಬಂದದ್ದು. ಅವರು ಚಾಮರಾಜನಗರದ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ಹಳಿ ಮುಗಿಯುವ ಊರು ಅದು. ಬಂದ ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಬೆಳಗಿನ ಗಾಡಿ ಬಿಡುವುದರೊಳಗೆ ನಾವು ಮಕ್ಕಳು ಹಲ್ಲುಜ್ಜಿ, ಮುಖ ತೊಳೆದು, ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿರಬೇಕಾಗಿತ್ತು. ಚಾಪೆಗಳ ಅಂಚು ಒಂದಕ್ಕೊಂದು ಸರಿಹೊಂದದಿದ್ದರೆ ಮತ್ತೆ ಬಿಚ್ಚಿ ಮತ್ತೆ ಸುತ್ತುವ ಶಿಕ್ಷೆ. ಇಂದಿಗೂ ನಾನು ನಾಲ್ಕೂವರೆಗೆ ಏಳುತ್ತೇನೆ, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ. ಪತ್ರಿಕೆ ಓದಿದ ಮೇಲೆ ಬಂದಾಗ ಹೇಗಿತ್ತೋ ಹಾಗೇ ಮಡಿಸಿಡುತ್ತೇನೆ. “ಇನ್ನೊಂದ್ ಸಲ ಮಾರೋ ಹಾಗಿದೆ” ಎಂದು ಜಯಮ್ಮ ನಗುತ್ತಾಳೆ.

ಇಲಿಗಳ ಪರಿಚಯ ಮಾತ್ರ ಅಜ್ಜಿಯ ಕಡೆಯಿಂದ ಆದದ್ದು. ರಜೆ ಬಂತೆಂದರೆ ನಮ್ಮನ್ನು ಉಮ್ಮತ್ತೂರಿಗೆ ಸಾಗಿಸುತ್ತಿದ್ದರು. ಅಜ್ಜಿಯ ಮನೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಗಳು ಆಳೆತ್ತರ ನಿಂತಿದ್ದವು. ಅವುಗಳ ಹಿಂದೆ ಹಗಲಲ್ಲೇ ಸರಬರ. ಅಜ್ಜಿ ಇಲಿಯನ್ನು ಇಲಿ ಎನ್ನುತ್ತಿರಲಿಲ್ಲ. ಹೆಸರು ಹಿಡಿದರೆ ಅವಕ್ಕೆ ಕೇಳಿಸುತ್ತದೆ, ಕೇಳಿಸಿದರೆ ಬೋನಿಗೆ ಬೀಳುವುದಿಲ್ಲ ಎಂಬುದು ಅವಳ ನಂಬಿಕೆ. “ಲೇ ಮಗ, ಅವ್ರಿಗೆ ಇವತ್ತು ಕೊಬ್ರಿ ಮಡಗು, ನೆನ್ನೆ ಮಡಗಿದ್ ವಡೆ ಮೂಸ್ನೂ ಇಲ್ಲ” ಎಂದು ಪಿಸುಗುಟ್ಟುತ್ತಿದ್ದಳು. ಮನೆಗೆ ಬಂದ ಬೀಗರ ಬಗ್ಗೆ ಮಾತಾಡುತ್ತಿದ್ದಾಳೋ ವಾಡೆಯ ಹಿಂದಿನವರ ಬಗ್ಗೆಯೋ ಎಂದು ನನಗೆ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಹೀಗೆ ಬೆಳೆದವನು ಓದಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಾದೆ. ಮೊದಲ ನೇಮಕ ಚಾಮರಾಜನಗರದಲ್ಲೇ. ಶಾಲೆಯಲ್ಲಿ ಒಂದು ಗಾಜಿನ ಬೀರು ಖಾಲಿ ಬಿದ್ದಿತ್ತು. ಖಾಲಿ ಬೀರು ಕಂಡರೆ ನನಗೆ ಸಂಕಟ. ನಮ್ಮ ಸೀಮೆಯ ಸಣ್ಣ ಪ್ರಾಣಿಗಳ ಸಂಗ್ರಹ ಮಾಡೋಣ ಎಂದು ಹೊರಟೆ. ಹುಲಿ, ಆನೆಗಳ ಬಗ್ಗೆ ಹೇಳುವವರು ಬಂಡೀಪುರದ ರಸ್ತೆಯುದ್ದಕ್ಕೂ ಇದ್ದಾರೆ. ಹೊಲದ ಇಲಿಯ ಬಗ್ಗೆ ಹೇಳುವವರಾರು ಎಂಬ ಹುಮ್ಮಸ್ಸು ಬೇರೆ. ಇಲಿಯ ಚರ್ಮ ಸುಲಿದು, ಒಳಗೆ ಬೋರಾಕ್ಸ್ ಪುಡಿ ಸವರಿ, ಹತ್ತಿ ತುಂಬಿ ಹೊಲಿದು, ಒಣಗಿಸಿಡುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಆಮೇಲೆ ಕಾಲಿಗೆ ದಾರದಿಂದ ಒಂದು ಚೀಟಿ ಕಟ್ಟಿದರೆ ಮುಗಿಯಿತು.

ಇಲಿ ತಂದುಕೊಡಲು ಸಿಕ್ಕಿದವನು ಹರದನಹಳ್ಳಿಯ ಪುಟ್ಟಮಾದ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಕೂಲಿ ಕೆಲಸ, ಕೊಯ್ಲು ಮುಗಿದ ಮೇಲೆ ಬದುಗಳನ್ನು ಅಗೆದು ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ಬಿಲದ ಬಾಯಿಯ ಮಣ್ಣು ನೋಡಿ ಒಳಗೆ ಎಷ್ಟಿವೆ, ಯಾವುವು ಎಂದು ಹೇಳುತ್ತಿದ್ದ. ವಯಸ್ಸಿನಲ್ಲಿ ಹಿರಿಯನಾದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನ್ನನ್ನು “ಸಾ” ಎನ್ನುತ್ತಿದ್ದ. ಆಗ ಅದು ನನಗೆ ತಪ್ಪೆಂದು ತೋರಲಿಲ್ಲ. ತೋರಬೇಕಾಗಿದ್ದ ಬೇರೆ ತಪ್ಪುಗಳೂ ತೋರಲಿಲ್ಲ.

ಒಂದು ದಿನ ಎಂಟನೆಯ ತರಗತಿಗೆ ಪಾಠ ನಡೆಯುತ್ತಿದ್ದಾಗ ಅವನು ಟವೆಲ್ಲಿನ ಗಂಟು ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ಕರೆದೆ. ಗಂಟಿನಲ್ಲಿ ಏಳು ಸತ್ತ ಕಲ್ಲಿಲಿಗಳಿದ್ದವು. ಕಲ್ಲಿಲಿ ಎಂದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ, ಒರಟು ಕೂದಲಿನ ಪುಟ್ಟ ಇಲಿ. ಕೆಂಪು ಗರಸು ನೆಲದಲ್ಲಿ ಬಿಲ ತೋಡಿ, ಬಾಯಿಗೆ ಸಣ್ಣ ಸಣ್ಣ ಹರಳು ಕಲ್ಲುಗಳನ್ನು ತಂದು ಒಟ್ಟಿಕೊಳ್ಳುತ್ತದೆ. ಅದಕ್ಕೇ ಆ ಹೆಸರು. ಏಳರಲ್ಲಿ ಒಂದರ ಹಿಂಗಾಲಿಗೆ ಕಪ್ಪು ದಾರ ಕಟ್ಟಿತ್ತು.

“ಇದೇನೋ ದಾರ?”

“ಗುರ್ತಿಗೆ ಕಟ್ಟಿವ್ನಿ ಸಾ. ಅವು ಬ್ಯಾರೆ, ಇದು ಬ್ಯಾರೆ.”

ನಾನು ಅಳತೆಯ ಪಟ್ಟಿ ತೆಗೆದೆ. ಬಾಲ ಅಳೆದೆ, ಕಿವಿ ಅಳೆದೆ, ಪಾದ ಅಳೆದೆ, ಹಲ್ಲು ನೋಡಿದೆ. ಹುಡುಗರೆಲ್ಲ ಬೆಂಚಿನಿಂದ ಎದ್ದು ನೋಡುತ್ತಿದ್ದರು.

“ಎಲ್ಲಾ ಒಂದೇ ಅಳತೆ ಇದೆಯಲ್ಲೋ. ಏನು ಬೇರೆ?”

“ಮೈ ಅದೇಯ ಸಾ, ನಡ್ತೆ ಬ್ಯಾರೆ. ಅವು ಬಾಗ್ಲಿಗೆ ಹಳ್ಳು ಜೋಡಿಸ್ಕತವೆ. ಇದು ಜೋಡಿಸ್ಕಳಕಿಲ್ಲ. ಗುಡ್ಡದ ಬಂಡೆ ಸಂದೀಲಿ ಒಣ ಉಲ್ಲು ಆಕ್ಕಂಡು ಮನೀಕತದೆ. ನಾನು ಎಷ್ಟೋ ಸಲ ನೋಡಿವ್ನಿ.”

“ನಿನ್ನ ಮನೆಗೆ ಮರದ ಬಾಗಿಲಿದೆ, ನಿನ್ನ ತಮ್ಮನ ಮನೆಗೆ ತಟ್ಟಿ ಇದೆ. ಹಾಗಂತ ನೀನೊಂದು ಪ್ರಾಣಿ, ಅವನೊಂದು ಪ್ರಾಣಿಯೇನೋ?”

ತರಗತಿ ಬಿದ್ದು ಬಿದ್ದು ನಕ್ಕಿತು. ಪುಟ್ಟಮಾದನೂ ನಕ್ಕ. ನನ್ನ ಪಾಠದ ಒಂದು ಪದ್ಧತಿಯಿತ್ತು: ಯಾರೇ ತಪ್ಪು ಉತ್ತರ ಹೇಳಿದರೂ ಸರಿಯುತ್ತರವನ್ನು ಅವರ ಬಾಯಲ್ಲೇ ಮೂರು ಸಲ ಹೇಳಿಸುವುದು. ಆ ದಿನ ಆ ಪದ್ಧತಿಯನ್ನು ಅವನಿಗೂ ಅನ್ವಯಿಸಿದೆ. “ಹೇಳು, ಎರಡೂ ಒಂದೇ.” ಅವನು ಕೈಕಟ್ಟಿ ನಿಂತು, “ಎರಡೂ ಒಂದೇಯ, ಎರಡೂ ಒಂದೇಯ, ಎರಡೂ ಒಂದೇಯ ಸಾ” ಎಂದ. ಹುಡುಗರು ಚಪ್ಪಾಳೆ ತಟ್ಟಿದರು.

ಅವನು ಹೋದ ಮೇಲೆ ನಾನು ಕತ್ತರಿ ತೆಗೆದುಕೊಂಡು ಆ ಕಪ್ಪು ದಾರವನ್ನು ಕತ್ತರಿಸಿ ಬುಟ್ಟಿಗೆ ಎಸೆದೆ. ಆರು ಇಲಿಗೆ ಬಿಳಿ ದಾರ, ಒಂದಕ್ಕೆ ಕಪ್ಪು ಎಂದರೆ ಬೀರುವಿನಲ್ಲಿ ಅಸಹ್ಯವಾಗಿ ಕಾಣುತ್ತದೆ. ಚರ್ಮ ಒಣಗಿದ ಮೇಲೆ ಏಳಕ್ಕೂ ಬಿಳಿ ದಾರ, ಏಳಕ್ಕೂ ಒಂದೇ ಅಳತೆಯ ಚೀಟಿ, ಏಳರ ಮೇಲೂ ನನ್ನ ಮುದ್ದಾದ ಅಕ್ಷರದಲ್ಲಿ ಒಂದೇ ಬರಹ: ಕಲ್ಲಿಲಿ, ಚಾಮರಾಜನಗರ ತಾಲ್ಲೂಕು. ಸಾಲಾಗಿ ಮಲಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ದು ನೆನಪಿದೆ. ತುಂಬಾ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಬೀರು ಶಾಲೆಯದು, ಇಲಿಗಳು ನನ್ನವು. ಅವನ್ನು ಇಡಲು ತಗಡಿನ ಪೆಟ್ಟಿಗೆ ಮಾಡಿಕೊಟ್ಟವರು ಗುಂಡ್ಲುಪೇಟೆಯ ಒಬ್ಬ ತಗಡಿನ ಕೆಲಸದ ಸಾಹೇಬರು. ಇಲಿಯ ಬೋನು ಮಾಡುವುದರಲ್ಲಿ ಅವರದು ಒಳ್ಳೆಯ ಹೆಸರು; ಕೇರಳದ ಕಡೆಯಿಂದ ಬರುವ ಲಾರಿಯವರೂ ಅವರ ಬೋನು ಕೊಂಡೊಯ್ಯುತ್ತಿದ್ದರು. ಪೆಟ್ಟಿಗೆಯಲ್ಲಿ ಏನಿಡುತ್ತೇನೆಂದು ತಿಳಿದಾಗ ಅವರು ಸುತ್ತಿಗೆ ಕೆಳಗಿಟ್ಟರು. “ಏನ್ ಸಾರ್, ನಮ್ದು ಬೋನು ತಗೊಂಡೋರೆಲ್ಲಾ ಇಲಿ ಆಚೆ ಬಿಸಾಕ್ತಾರೆ. ನೀವೊಬ್ರೇ ಅದಕ್ಕೆ ಹತ್ತಿ ತುಂಬಿ ಹಾಸಿಗೆ ಹಾಕಿ ಮಲಗಿಸೋರು!” ಅವರ ಮಗಳು ನಾಜಿಮಾ ನನ್ನ ಶಾಲೆಯಲ್ಲೇ ಓದಿದಳು. ಆ ಪೆಟ್ಟಿಗೆಯನ್ನು ತರಗತಿಯಲ್ಲಿ ತೆರೆದಾಗಲೆಲ್ಲ ಮೊದಲು ಬಂದು ಮೂಗು ತೂರಿಸುತ್ತಿದ್ದವಳು ಅವಳು.

ಆ ನಾಜಿಮಾ ಈಗ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಾಡು, ಹೊಲಗಳ ಇಲಿಗಳ ಡಿಎನ್‌ಎ ಓದಿ, ಯಾವುದು ಯಾವುದಕ್ಕೆ ನೆಂಟ, ಯಾವುದು ಯಾವಾಗ ಯಾವುದರಿಂದ ಕವಲೊಡೆಯಿತು ಎಂದು ಪತ್ತೆ ಮಾಡುವುದು ಅವಳ ಕೆಲಸ. ಹೋದ ವರ್ಷ ಮನೆಗೆ ಬಂದು, “ಸರ್, ನಿಮ್ಮ ಇಲಿಗಳು ಇನ್ನೂ ಇವೆಯಾ?” ಎಂದಳು. ನಿವೃತ್ತಿಯಾಗಿ ಚಾಮರಾಜನಗರಕ್ಕೆ ಮರಳಿದಾಗ ಪೆಟ್ಟಿಗೆಯನ್ನೂ ತಂದಿದ್ದೆ. ಜಯಮ್ಮನ ವಿರೋಧದ ನಡುವೆಯೂ ಅದು ಅಟ್ಟದ ಮೇಲೆ ಭದ್ರವಾಗಿತ್ತು. ನಾಜಿಮಾ ಒಂದೊಂದು ಇಲಿಯ ಪಾದದಿಂದಲೂ ಅಕ್ಕಿಯ ನುಚ್ಚಿನಷ್ಟು ಚರ್ಮ ಕತ್ತರಿಸಿ, ಬೇರೆ ಬೇರೆ ಪುಟಾಣಿ ಸೀಸೆಗಳಿಗೆ ಹಾಕಿಕೊಂಡಳು.

“ಇಷ್ಟು ಹಳೇ ಚರ್ಮದಲ್ಲಿ ಏನು ಓದುತ್ತೀಯಮ್ಮ?”

“ಪೂರ್ತಿ ಓದೋಕಾಗಲ್ಲ ಸರ್, ಹರಿದುಹೋಗಿರುತ್ತೆ. ಚೂರುಪಾರು ಸಿಗುತ್ತೆ.”

ಅವಳು ವಿವರಿಸಿದ್ದು ಹೀಗೆ: ಜೀವದ ಒಂದೊಂದು ಕಣದಲ್ಲೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹವಿದೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಅದನ್ನು ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಆ ತಪ್ಪು ಮುಂದಿನವರಿಗೂ ಹೋಗುತ್ತದೆ. ಎರಡು ಪ್ರಾಣಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪುಗಳು ಹೆಚ್ಚಾಗಿ ಸಿಕ್ಕರೆ ಅವು ಹತ್ತಿರದ ನೆಂಟರು.

ನನಗೆ ತಟ್ಟನೆ ಅರ್ಥವಾಯಿತು. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ನಾನು ಹಿಡಿಯುತ್ತಿದ್ದದ್ದೇ ಹೀಗೆ. ಸರಿಯುತ್ತರ ಎಲ್ಲರದೂ ಒಂದೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಒಮ್ಮೆ ಮೂವರು ಕಪ್ಪೆಯ ಹೃದಯಕ್ಕೆ ಐದು ಕೋಣೆ ಎಂದು ಬರೆದಿದ್ದರು. ಅವರಲ್ಲಿ ಇಬ್ಬರು ಮಾತ್ರ ಕಪ್ಪೆಗೆ ಶ್ವಾಸಕೋಶವೇ ಇಲ್ಲವೆಂದೂ ಬರೆದಿದ್ದರು. ಯಾರು ಯಾರ ಪಕ್ಕ ಕೂತಿದ್ದರೆಂದು ನಾನು ಪರೀಕ್ಷೆಯ ಕೊಠಡಿಗೆ ಹೋಗದೆಯೇ ಹೇಳಿದ್ದೆ. ಇದನ್ನು ಹೇಳಿದಾಗ ನಾಜಿಮಾ ಜೋರಾಗಿ ನಕ್ಕಳು. “ಅದೇ ಸರ್, ಅಷ್ಟೇ! ನಮ್ಮ ಪ್ರೊಫೆಸರು ಇದನ್ನೇ ಒಂದು ಗಂಟೆ ಹೇಳ್ತಾರೆ.” ಆ ಮಧ್ಯಾಹ್ನ ನನಗೆ ಬಹಳ ಹೆಮ್ಮೆಯಾಯಿತು. ಹಳೆಯ ಪೆಟ್ಟಿಗೆಗೆ ಇನ್ನೊಂದು ಸಲ ಬಟ್ಟೆ ಹಿಡಿದು ಧೂಳು ಒರೆಸಿದೆ.

ಎರಡು ತಿಂಗಳ ನಂತರ ಅವಳು ಲ್ಯಾಪ್‌ಟಾಪ್ ಹಿಡಿದು ಬಂದಳು. ತೆರೆಯ ಮೇಲೆ ಮಲಗಿಸಿದ ಮರದಂಥ ಚಿತ್ರ. ಆರು ಇಲಿಗಳು ಒಂದೇ ರೆಂಬೆಯ ತುದಿಯಲ್ಲಿ ಗುಂಪಾಗಿದ್ದವು. ಏಳನೆಯದು ದೂರದಲ್ಲಿ ಬೇರೆಯೇ ರೆಂಬೆಯಲ್ಲಿ ಒಂಟಿಯಾಗಿತ್ತು.

“ಇದು ಇವುಗಳ ತಮ್ಮನೂ ಅಲ್ಲ, ದಾಯಾದಿಯೂ ಅಲ್ಲ ಸರ್. ಲಕ್ಷಾಂತರ ವರ್ಷದ ಹಿಂದೆಯೇ ಬೇರೆ ಮನೆ ಮಾಡಿಕೊಂಡು ಹೋದದ್ದು. ಇಂಥದ್ದನ್ನ ಯಾರೂ ಬರೆದಿಟ್ಟಿಲ್ಲ. ಎಲ್ಲಿ ಸಿಕ್ಕಿತು ಇದು?”

ಅವಳು ಏಳು ಚೀಟಿಗಳನ್ನೂ ಆಸೆಯಿಂದ ತಿರುವಿ ನೋಡಿದಳು. ಏಳರ ಮೇಲೂ ಚಾಮರಾಜನಗರ ತಾಲ್ಲೂಕು.

ಒಳಗಿನಿಂದ ಜಯಮ್ಮ ಕಾಫಿ ತಂದಳು. ಲೋಟವನ್ನು ಹಾಗೇ ಪಕ್ಕಕ್ಕಿಟ್ಟೆ. ಕಪ್ಪು ದಾರದ ಕಥೆಯನ್ನು ನಾಜಿಮಾಳಿಗೆ ಹೇಳಿದೆ. ಮೊದಲ ಸಲ ಯಾರಿಗಾದರೂ ಹೇಳಿದ್ದು ಅದು. ಹುಡುಗರು ನಕ್ಕದ್ದನ್ನೂ ಮೂರು ಸಲ ಹೇಳಿಸಿದ್ದನ್ನೂ ಬಿಡದೆ ಹೇಳಿದೆ. ಅವಳು ಏಳು ಚೀಟಿಗಳನ್ನೂ ಮತ್ತೆ ಸಾಲಾಗಿ ಜೋಡಿಸಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲಿನ ತೊಂದರೆ ಇದು. ಹಳೆಯ ಒಣ ಚರ್ಮದ ಒಂದು ಚೂರಿನ ಮೇಲೆ ಯಾರೂ ಹೊಸ ಪ್ರಾಣಿ ಎಂದು ಒಪ್ಪುವುದಿಲ್ಲವಂತೆ. ಅದೇ ಜಾಗದಿಂದ ಇನ್ನೊಂದು ಸಿಗಬೇಕು, ಜೀವಂತ. ಸಿಗದಿದ್ದರೆ ಅವಳ ಪ್ರೊಫೆಸರು, “ಯಾರೋ ಮೇಷ್ಟ್ರು ಚೀಟಿ ಅದಲುಬದಲು ಮಾಡಿರಬೇಕು, ಏಳನೆಯದನ್ನು ಕೈಬಿಡು” ಎಂದಿದ್ದಾರೆ. ನಾಜಿಮಾ ಅನುಮತಿ ಪತ್ರ ಹಿಡಿದು, ಅಪ್ಪ ಮಾಡಿಕೊಟ್ಟ ಬೋನುಗಳನ್ನು ಹೊತ್ತು, ತಾಲ್ಲೂಕಿನ ನಾಲ್ಕು ಗುಡ್ಡ ಹತ್ತಿ ಇಳಿದಳು. ಏನೂ ಬೀಳಲಿಲ್ಲ. ಎರಡು ಗುಡ್ಡಗಳಂತೂ ಕರಿಕಲ್ಲಿನ ಕ್ವಾರಿಯಾಗಿ ಅರ್ಧಕ್ಕರ್ಧ ಇಲ್ಲ. ಮಳೆಗಾಲ ಬರುವುದರೊಳಗೆ ಅವಳು ಬರವಣಿಗೆ ಮುಗಿಸಿ ಒಪ್ಪಿಸಬೇಕು. ಎಲ್ಲ ಗುಡ್ಡಗಳನ್ನೂ ಹುಡುಕುವಷ್ಟು ಸಮಯವಿಲ್ಲ. ಯಾವ ಗುಡ್ಡ ಎಂದು ಹೇಳಬಲ್ಲವನು ಒಬ್ಬನೇ.

“ಅವರು ಇದಾರಾ ಸರ್?” ಎಂದಳು.

ನನಗೆ ಗೊತ್ತಿರಲಿಲ್ಲ. ಏಳು ಮೈಲಿ ದೂರವೂ ಇಲ್ಲದ ಊರು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ವಿಚಾರಿಸಿರಲಿಲ್ಲ.

ಮಾರನೆಯ ಬೆಳಿಗ್ಗೆಯ ಬಸ್ಸಿಗೇ ಇಬ್ಬರೂ ಹರದನಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನಾನು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲು ಕ್ಷಮೆ ಕೇಳಬೇಕು, ಆಮೇಲೆ ಗುಡ್ಡದ ವಿಷಯ. ಬಹುವಚನದಲ್ಲಿ ಮಾತಾಡಿಸಬೇಕು ಎಂದೂ ತೀರ್ಮಾನಿಸಿದೆ. ಬಸ್ಸಿನಲ್ಲಿ ಪಕ್ಕದವನು ಎರಡು ಸಲ ನನ್ನ ಮುಖ ನೋಡಿದ. ಬಾಯಲ್ಲಿ ಏನೋ ಗೊಣಗುತ್ತಿದ್ದೆನೆಂದು ಕಾಣುತ್ತದೆ.

ಪುಟ್ಟಮಾದ ಇದ್ದ. ಮನೆಯ ಮುಂದಿನ ಜಗಲಿಯಲ್ಲಿ ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದ. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ನನ್ನ ದನಿ ಕೇಳಿದ್ದೇ ಗೋಡೆ ಹಿಡಿದು ಎದ್ದ.

“ಇಲಿ ಮೇಷ್ಟ್ರಲ್ವಾ? ಅಯ್ಯೋ, ಈ ಬಿಸ್ಲಲ್ಲಿ ನೀವ್ಯಾಕೆ ಬರಕ್ಕೋದ್ರಿ ಸಾ, ಏಳ್ ಕಳ್ಸಿದ್ರೆ ನಾನೇ ಬತ್ತಿರ್ನಿಲ್ವಾ!” ಆಮೇಲೆ ಒಳಕ್ಕೆ ತಿರುಗಿ, “ಸೊಸೆಮ್ಮಾ, ಚಾಪೆ ತಕಬಾ, ಮೇಷ್ಟ್ರು ಬಂದವ್ರೆ!” ಎಂದು ಕೂಗಿದ.

“ಕೂತ್ಕೊಳ್ಳಿ ಪುಟ್ಟಮಾದಪ್ಪ, ಕೂತ್ಕೊಳ್ಳಿ” ಎಂದೆ. ಅವನು ಗಾಬರಿಯಿಂದ ಸುತ್ತ ನೋಡಿದ, ಯಾರನ್ನು ಕರೆಯುತ್ತಿದ್ದೇನೆ ಎಂಬಂತೆ.

ನಾಜಿಮಾ ಚಾಪೆಯ ಮೇಲೆ ಕೂತು ಪುಸ್ತಕ ತೆರೆದಳು. “ಅಜ್ಜ, ನೀವು ಒಂದು ಸಲ ಕಲ್ಲಿಲಿ ಕಾಲಿಗೆ ಕಪ್ಪು ದಾರ ಕಟ್ಟಿ ತಂದಿದ್ರಂತೆ. ಹರಳು ಜೋಡಿಸದೇ ಇರೋದು, ಬಂಡೆ ಸಂದೀಲಿ ಇರೋದು. ಅದು ಯಾವ ಗುಡ್ಡದಲ್ಲಿ ಸಿಕ್ಕಿತ್ತು, ನೆನಪಿದೆಯಾ?”

“ಹಳ್ಳು ಜೋಡಿಸ್ಕಳದೂ ಜೋಡಿಸ್ಕಳದೇ ಇರದೂ ಎರಡೂ ಒಂದೇ ಕಣವ್ವ” ಎಂದ ಪುಟ್ಟಮಾದ. ಪಾಠ ಒಪ್ಪಿಸುವ ದನಿ. “ನಾನೂ ಮೊದ್ಲು ದಡ್ಡ ನನ್ಮಗ, ಬ್ಯಾರೆ ಬ್ಯಾರೆ ಅನ್ಕಂಡಿದ್ದೆ. ಮೇಷ್ಟ್ರು ಪಟ್ಟಿ ಮಡಗಿ ಅಳ್ದು ತೋರುಸ್ಬುಟ್ರು. ನಮ್ ಐಕಳಿಗೂ ಅಂಗೇ ಏಳ್ಕೊಟ್ಟಿವ್ನಿ. ನಮ್ಮಪ್ಪನೂ ಬ್ಯಾರೆ ಅಂತಿದ್ದ, ಪಾಪ, ಅವ್ನಿಗೇನ್ ಗೊತ್ತು.”

ಅವನ ಅಪ್ಪನಿಗೂ ಗೊತ್ತಿತ್ತೆಂಬುದು ನನಗೆ ಗೊತ್ತಿರಲಿಲ್ಲ.

“ಆಮೇಲೆ ಎಲ್ಲಾದ್ರೂ ಅಂಥದ್ದು ಕಂಡಿದ್ರಾ ಅಜ್ಜ?” ಎಂದು ನಾಜಿಮಾ ಬಿಡದೆ ಕೇಳಿದಳು.

“ಕಂಡಿರ್ಬೈದು, ಕಾಣ್ದೆ ಇರ್ಬೈದು. ನಾನು ನೋಡಕ್ಕೇ ಓಗ್ನಿಲ್ಲ ಕಣವ್ವ. ಒಂದೇ ಅಂದ್ಮೇಲೆ ಇನ್ನೇನ್ ನೋಡದು?”

ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳ ಕ್ರಮವೆಲ್ಲ ಕೆಟ್ಟಿತು. “ಪುಟ್ಟಮಾದಪ್ಪ, ನೀವು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು. ಅವು ಎರಡು ಬೇರೆ ಬೇರೆ. ಈ ಹುಡುಗಿ ಮೈಸೂರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾಳೆ. ಅವತ್ತು ಹುಡುಗರ ಮುಂದೆ ನಿಮ್ಮನ್ನು ನಗೆಪಾಟಲು ಮಾಡಿದೆ. ತಪ್ಪಾಯಿತು” ಎಂದೆ.

ಅವನ ಮುಖದಲ್ಲಿ ಗೆದ್ದ ಸಂತೋಷ ಕಾಣುತ್ತದೆಂದು ಕಾದೆ. ಕಂಡದ್ದು ಕಳವಳ. ಮುಂದಕ್ಕೆ ಬಗ್ಗಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

“ಅಂಗೆಲ್ಲಾ ಅನ್ಬ್ಯಾಡಿ ಸಾ. ಓದ್ದೋರು ನೀವು, ನಿಮ್ಗೆ ಎಲ್ಲಾದ್ರೂ ತಪ್ಪಾದದಾ? ವಯಸ್ಸಾಯ್ತಲ್ಲ, ಮರ್ತಿರ್ತೀರಿ. ನೀವು ಅಳ್ದಿದ್ದು ನಾನೇ ಕಣ್ಣಾರ ನೋಡಿವ್ನಿ.”

“ಇಲ್ಲಪ್ಪ, ಅವು ನಿಜವಾಗಿ ಎರಡು.”

ಒಳಗಿನಿಂದ ಸೊಸೆ ಮಜ್ಜಿಗೆ ತಂದಿಟ್ಟಳು. ನನ್ನ ದನಿಯಲ್ಲಿ ಏನೋ ಬೇಸರವಿದೆ ಎಂದು ಅವನಿಗೆ ತಿಳಿಯಿತು. ಅದನ್ನು ಹೇಗಾದರೂ ಹೋಗಲಾಡಿಸಬೇಕೆಂದು ಅವನು ಪಡುತ್ತಿದ್ದ ಪಾಡು ನನಗೂ ತಿಳಿಯಿತು.

“ಆಯ್ತು ಬುಡಿ ಸಾ, ಬೇಜಾರ್ ಮಾಡ್ಕಬ್ಯಾಡಿ. ನೀವು ಎಲ್ಡು ಅಂದ್ರೆ ಎಲ್ಡೇಯ. ಬರ್ಕಳವ್ವ, ಎಲ್ಡು.”

ನಾಜಿಮಾಳ ಮುಖ ಅರಳಿತು. “ಹಾಗಾದ್ರೆ ಯಾವ ಗುಡ್ಡ ಅಜ್ಜ?”

ಪುಟ್ಟಮಾದ ಅವಳ ಕಡೆ ನೋಡಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, ತುಂಬ ಪ್ರೀತಿಯಿಂದ ಕೇಳಿದ:

“ಯಾವ ಗುಡ್ಡ ಅನ್ಲಿ ಸಾ?”

ನಾಜಿಮಾ ಪೆನ್ನಿನ ಮುಚ್ಚಳ ಹಾಕಿದಳು.